ಸೆಲ್ಫ್ ಒತ್ತಿದರೆ ‘ಟಿಕ್ ಟಿಕ್’: ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಸಾಂಗ್ಲಿಯಿಂದ ತಾಸಗಾಂವ ಕಡೆಗೆ ಹೊರಟರೆ ಮಾಧವನಗರ ದಾಟಿದ ಮೇಲೆ ಸಿಗುವ ಊರು ಬುಧಗಾಂವ. ಹಿಂದೆ ಕಿರಿಯ ಮಿರಜ್ ಸಂಸ್ಥಾನದ ಆಡಳಿತ ಇದೇ ಊರಿನಿಂದ ನಡೆಯುತ್ತಿತ್ತು. ಈಗ ಇಲ್ಲೊಂದು ಇಂಜಿನಿಯರಿಂಗ್ ಕಾಲೇಜಿದೆ, ಸುತ್ತ ಹೊಲ-ತೋಟಗಳಿವೆ. ಕರಾವಳಿಯಿಂದ ಹೋಗಿ ಅಲ್ಲಿ ಕೋಣೆ ಬಾಡಿಗೆಗೆ ಹಿಡಿದು ಬೇಕರಿ ಲೈನಿನಲ್ಲಿ ದುಡಿಯುವ ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಜನವರಿ ತಿಂಗಳು, ಬೆಳಗ್ಗೆ ಐದು ಗಂಟೆ, ಘಟ್ಟದ ಮೇಲಿನ ಚಳಿ. ಬೈಕಿನ ಹಿಂದೆ ಬ್ರೆಡ್, ಬನ್ನಿನ ಟ್ರೇ ಕಟ್ಟಿದ್ದಾನೆ. ಏಳು ಗಂಟೆಯ ಒಳಗೆ ಬುಧಗಾಂವ, ಮಾಧವನಗರ, ಸಾಂಗ್ಲಿಯ ಅಂಗಡಿಗಳಿಗೆ ಮಾಲು ಮುಟ್ಟಿಸಬೇಕು. ಕೀ ತಿರುಗಿಸಿ ಸೆಲ್ಫ್ ಒತ್ತುತ್ತಾನೆ. ‘ಟಿಕ್’. ಮತ್ತೆ ಒತ್ತುತ್ತಾನೆ. ‘ಟಿಕ್ ಟಿಕ್ ಟಿಕ್’. ಅಷ್ಟೇ.

ಎಂಟು ಗಂಟೆಗೆ ಗ್ಯಾರೇಜ್ ತೆರೆದಾಗ ಇವನು ಗಾಡಿ ತಳ್ಳಿಕೊಂಡು ಹೋಗಿ, ಬರುವ ಅರೆಬರೆ ಮರಾಠಿಯಲ್ಲಿ “ಗಾಡಿ ಚಾಲೂ ಹೋತ್ ನಾಹೀ, ದಾದಾ” ಅನ್ನುತ್ತಾನೆ. “ಬ್ಯಾಟರಿ ಹೋಗಿದೆ, ಹೊಸದು ಹಾಕಬೇಕು” ಅನ್ನುವ ಉತ್ತರ ಬರುತ್ತದೆ. ಸಾವಿರಕ್ಕೂ ಮೇಲೆ ಖರ್ಚು. ಆ ದಿನದ ಲೈನ್ ಹೋಯಿತು, ಮಾರಾಟವಾಗದ ಬ್ರೆಡ್ ವಾಪಸ್ ಬಂತು. ಹದಿನೈದು ದಿನ ಕಳೆದ ಮೇಲೆ ಹೊಸ ಬ್ಯಾಟರಿಯೂ ‘ಟಿಕ್ ಟಿಕ್’ ಅಂದರೆ? ಆಗ ಗೊತ್ತಾಗುತ್ತದೆ, ದೋಷ ಬ್ಯಾಟರಿಯದ್ದಾಗಿರಲಿಲ್ಲ ಅಂತ.

ಈ ಕಥೆ ಬುಧಗಾಂವದಲ್ಲಿ ಮಾತ್ರ ನಡೆಯುವುದಲ್ಲ. ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರು, ಕಾಸರಗೋಡು, ಎಲ್ಲ ಕಡೆಯೂ ಇದೇ ಕಥೆ. ಗಲ್ಫಿನಿಂದ ಎರಡು ವರ್ಷ ಕಳೆದು ರಜೆಗೆ ಬಂದವರು ಮನೆಯಂಗಳದಲ್ಲಿ ಮುಚ್ಚಿಟ್ಟ ಗಾಡಿಯ ಟಾರ್ಪಾಲು ತೆಗೆದಾಗಲೂ ಕೇಳುವುದು ಇದೇ ಸದ್ದು. ಹೀಗಾದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ನಾವೇ ಸರಿ ಮಾಡಬಹುದು, ಯಾವಾಗ ದುಡ್ಡು ಖರ್ಚು ಮಾಡಲೇಬೇಕು ಅಂತ ತಿಳಿದಿದ್ದರೆ ದಿನವೂ ಉಳಿಯುತ್ತದೆ, ಜೇಬೂ ಉಳಿಯುತ್ತದೆ.

ಬ್ಯಾಟರಿ ಅಂದರೆ ಒಂದು ಖಾತೆ

ನಮ್ಮ ಹೆಚ್ಚಿನ ಬೈಕ್, ಸ್ಕೂಟರುಗಳಲ್ಲಿರುವುದು ಸೀಸ ಮತ್ತು ಆಸಿಡ್‌ನ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ತತ್ವವೇ ಇಂದಿಗೂ ನಡೆಯುತ್ತಿದೆ. ಒಳಗೆ ಆರು ಕೋಣೆಗಳು. ಒಂದೊಂದು ಕೋಣೆಯಲ್ಲಿ ಸೀಸದ ತಟ್ಟೆಗಳು, ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಒಂದು ಕೋಣೆಯಿಂದ ಸುಮಾರು 2.1 ವೋಲ್ಟ್ ಸಿಗುತ್ತದೆ. ಆರು ಸೇರಿದರೆ 12.6 ವೋಲ್ಟ್. ನಾವು ‘12 ವೋಲ್ಟ್ ಬ್ಯಾಟರಿ’ ಅನ್ನುವುದು ಇದನ್ನೇ.

ವ್ಯಾಪಾರ ಮಾಡುವವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಬ್ಯಾಟರಿ ಒಂದು ಬ್ಯಾಂಕ್ ಖಾತೆ. ಸೆಲ್ಫ್ ಒತ್ತಿದಾಗ ಒಂದೇ ಸಲಕ್ಕೆ ದೊಡ್ಡ ಮೊತ್ತ ತೆಗೆಯುತ್ತೀರಿ. ಇಂಜಿನ್ ಓಡುವಾಗ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಕರೆಂಟ್, ‘ರೆಕ್ಟಿಫೈಯರ್’ ಅಂತ ಕರೆಯುವ ಸಣ್ಣ ಪೆಟ್ಟಿಗೆಯ ಮೂಲಕ ಖಾತೆಗೆ ವಾಪಸ್ ಜಮೆಯಾಗುತ್ತದೆ. ತೆಗೆದದ್ದಕ್ಕಿಂತ ಜಮೆ ಕಮ್ಮಿಯಾದರೆ ಒಂದು ದಿನ ಖಾತೆ ಖಾಲಿ.

ಖಾತೆಯೂ ದೊಡ್ಡದೇನಲ್ಲ. 100, 125 ಸಿಸಿಯ ಗಾಡಿಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್‌ನ ಬ್ಯಾಟರಿ ಇರುತ್ತದೆ. ದೊಡ್ಡ ಬೈಕುಗಳಲ್ಲಿ 8, 9 ಅಥವಾ ಅದಕ್ಕೂ ಹೆಚ್ಚು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುವುದು ಕಡ್ಡಾಯವಾಯಿತು. ಹಗಲಲ್ಲೂ ಆ ಖರ್ಚು ನಡೆಯುತ್ತಲೇ ಇರುತ್ತದೆ. ಬುಧಗಾಂವದ ಹುಡುಗನ ಗಾಡಿಯನ್ನೇ ನೋಡಿ. ಒಂದು ಅಂಗಡಿ, ನಿಲ್ಲಿಸು. ಇನ್ನೊಂದು ಅಂಗಡಿ, ನಿಲ್ಲಿಸು. ಬೆಳಗ್ಗೆ ಎರಡು ಗಂಟೆಯಲ್ಲಿ ಮೂವತ್ತು ಸಲ ಸೆಲ್ಫ್, ನಡುವೆ ಓಟ ಅರ್ಧ ಕಿಲೋಮೀಟರ್. ತೆಗೆಯುವುದೇ ಹೆಚ್ಚು, ಕಟ್ಟುವುದು ಕಮ್ಮಿ. ಇಂಥವರು ಕಿಕ್ಕರ್ ಇದ್ದರೆ ಅದನ್ನು ಬಳಸುವುದೇ ಲಾಭ.

ಮೊದಲು ಸದ್ದು ಕೇಳಿ

ಡಾಕ್ಟರು ಔಷಧಿ ಬರೆಯುವ ಮುಂಚೆ ನಾಡಿ ನೋಡುತ್ತಾರೆ. ಗಾಡಿಯ ನಾಡಿ ಇರುವುದು ಅದರ ಸದ್ದಿನಲ್ಲಿ. ಕೀ ಆನ್ ಮಾಡಿ ಹಾರ್ನ್ ಹೊಡೆಯಿರಿ, ಇಂಡಿಕೇಟರ್ ಹಾಕಿ, ಬ್ರೇಕ್ ಲೈಟ್ ನೋಡಿ. ಹೊಸ ಗಾಡಿಗಳಲ್ಲಿ ಇಂಜಿನ್ ಓಡದೆ ಹೆಡ್‌ಲೈಟ್ ಉರಿಯದೇ ಇರಬಹುದು, ಆದ್ದರಿಂದ ಹೆಡ್‌ಲೈಟ್ ಉರಿಯಲಿಲ್ಲ ಅಂತ ಬ್ಯಾಟರಿಯ ಮೇಲೆ ಹೊರಿಸಬೇಡಿ. ಆಮೇಲೆ ಸೆಲ್ಫ್ ಒತ್ತಿ. ಸಾಮಾನ್ಯವಾಗಿ ನಾಲ್ಕು ತರದ ಉತ್ತರ ಬರುತ್ತದೆ.

ಒಂದು: ಏನೂ ಇಲ್ಲ. ಮೀಟರಿನಲ್ಲಿ ಲೈಟಿಲ್ಲ, ಹಾರ್ನ್ ಇಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿರಬಹುದು. ಆದರೆ ಫ್ಯೂಸ್ ಹೋಗಿದ್ದರೂ, ಟರ್ಮಿನಲ್ ವಯರ್ ಕಳಚಿದ್ದರೂ ಇದೇ ಲಕ್ಷಣ.

ಎರಡು: ಹಾರ್ನ್ ಗಂಟಲು ಕಟ್ಟಿದ ಹಾಗೆ ಕೇಳುತ್ತದೆ, ಇಂಡಿಕೇಟರ್ ಮಂಕು, ಸೆಲ್ಫ್ ಒತ್ತಿದರೆ ‘ಟಿಕ್ ಟಿಕ್’ ಅಂದು ಮೀಟರಿನ ಲೈಟ್ ಕೂಡ ಆರುತ್ತದೆ. ಇದು ಬ್ಯಾಟರಿ ಡೌನ್ ಆಗಿರುವುದರ, ಇಲ್ಲವೇ ಟರ್ಮಿನಲ್ ಸಡಿಲವಾಗಿರುವುದರ ಗುರುತು. ಆ ‘ಟಿಕ್’ ಸದ್ದು ಬರುವುದು ಸ್ಟಾರ್ಟರ್ ರಿಲೇಯಿಂದ. ರಿಲೇ ಎಳೆಯುವಷ್ಟು ಕರೆಂಟ್ ಇದೆ, ಮೋಟಾರ್ ತಿರುಗಿಸುವಷ್ಟು ಇಲ್ಲ ಅಂತ ಅರ್ಥ.

ಮೂರು: ಹಾರ್ನ್ ಜೋರಾಗಿದೆ, ಲೈಟ್ ಪ್ರಕಾಶವಾಗಿದೆ, ಸೆಲ್ಫ್ ಒತ್ತಿದರೆ ಮಾತ್ರ ಸದ್ದೇ ಇಲ್ಲ. ಇಲ್ಲಿ ಬ್ಯಾಟರಿಯ ಮೇಲೆ ಸಂಶಯ ಪಡುವುದು ಕೊನೆಗೆ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಸೆಲ್ಫ್ ಬಟನ್, ರಿಲೇ, ಈ ಸಾಲಿನಲ್ಲಿ ನೋಡುತ್ತ ಹೋಗಬೇಕು.

ನಾಲ್ಕು: ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಬ್ಯಾಟರಿ ತನ್ನ ಕೆಲಸ ಮಾಡಿದೆ. ಪೆಟ್ರೋಲ್, ಪ್ಲಗ್, ಏರ್ ಫಿಲ್ಟರ್ ಕಡೆ ನೋಡಿ.

ಒಂದು ಮಾತು ನೆನಪಿಡಿ. ಸೆಲ್ಫನ್ನು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಹಿಡಿಯದಿದ್ದರೆ ಹತ್ತು ಸೆಕೆಂಡ್ ಬಿಟ್ಟು ನೋಡಿ. ಸಿಟ್ಟಿನಲ್ಲಿ ಒತ್ತುತ್ತಲೇ ಇದ್ದರೆ ಉಳಿದ ಅಷ್ಟಿಷ್ಟು ಚಾರ್ಜೂ ಹೋಗುತ್ತದೆ, ಮೋಟಾರೂ ಬಿಸಿಯಾಗುತ್ತದೆ.

ಖರ್ಚಿಲ್ಲದ ಪರೀಕ್ಷೆ

ಪಾನಾ ಹಿಡಿಯುವ ಮುಂಚೆ ಎರಡು ನಿಮಿಷ ಸುಮ್ಮನೆ ನೋಡಿ. ಕಿಲ್ ಸ್ವಿಚ್ ಯಾರಾದರೂ ಒತ್ತಿದ್ದಾರಾ? ಮನೆಯ ಮಕ್ಕಳು ಗಾಡಿ ಮೇಲೆ ಹತ್ತಿ ಆಡಿದ್ದರೆ ಮೊದಲು ಬದಲಾಗುವುದು ಅದೇ. ಗಾಡಿ ನ್ಯೂಟ್ರಲ್‌ನಲ್ಲಿದೆಯಾ? ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಗಿದೆಯಾ? ಹೊಸ ಮಾಡೆಲುಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದು ಗೇರ್ ಬಿದ್ದಿದ್ದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಮಳೆಗಾಲದಲ್ಲಿ ಆ ಸ್ವಿಚ್ಚಿಗೆ ಕೆಸರು ಮೆತ್ತಿದರೂ ಹಾಗೆಯೇ. ಕ್ಲಚ್ ಹಿಡಿದೇ ಸೆಲ್ಫ್ ಒತ್ತುತ್ತಿದ್ದೀರಾ? ಸ್ಕೂಟರ್ ಆದರೆ ಬ್ರೇಕ್ ಲಿವರ್ ಹಿಡಿದಿದ್ದೀರಾ?

ಆಮೇಲೆ ಫ್ಯೂಸ್. ಬ್ಯಾಟರಿ ಹತ್ತಿರವೇ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರುತ್ತದೆ. ಎಳೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಡಿದಿದೆಯಾ ಅಂತ ಕಾಣುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಸ್ಪೇರ್ ಫ್ಯೂಸ್ ಅಲ್ಲಿಯೇ ಇಟ್ಟಿರುತ್ತಾರೆ. ಅದರ ಮೇಲೆ ಬರೆದ ಆಂಪಿಯರ್ ಅಷ್ಟೇ ಇರಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ವಯರಿನ ತುಂಡು ಸಿಕ್ಕಿಸಿ ಕೆಲಸ ನಡೆಸುವವರಿದ್ದಾರೆ. ಫ್ಯೂಸ್ ಇರುವುದೇ ತಾನು ಸುಟ್ಟು ಗಾಡಿಯನ್ನು ಉಳಿಸಲಿಕ್ಕೆ. ಅದರ ಜಾಗದಲ್ಲಿ ವಯರ್ ಹಾಕಿದರೆ ವಯರಿಂಗ್ ಪೂರ್ತಿ ಸುಡಬಹುದು. ಹೊಸ ಫ್ಯೂಸ್ ಕೂಡ ಕೂಡಲೇ ಹೋದರೆ ಎಲ್ಲೋ ಶಾರ್ಟ್ ಆಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಬಿಳಿ ಪುಡಿಯ ಕಿತಾಪತಿ

ಕರಾವಳಿಯ ಉಪ್ಪು ಗಾಳಿ, ಆರು ತಿಂಗಳ ತೇವ. ನಮ್ಮ ಕಡೆಯ ಗಾಡಿಗಳಲ್ಲಿ ‘ಬ್ಯಾಟರಿ ಡೌನ್’ ಅನ್ನುವ ಎಷ್ಟೋ ಪ್ರಕರಣಗಳು ನಿಜವಾಗಿ ಟರ್ಮಿನಲ್‌ನ ತೊಂದರೆ. ಬ್ಯಾಟರಿಯ ಎರಡು ತುದಿಗಳಲ್ಲಿ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿಕೊಳ್ಳುತ್ತದೆ. ಅದು ಕರೆಂಟಿನ ದಾರಿಗೆ ಹಾಕಿದ ಬೇಲಿ. ಹಾರ್ನಿಗೆ ಬೇಕಾದ ಸಣ್ಣ ಕರೆಂಟ್ ಆ ಬೇಲಿಯ ಸಂದಿಯಲ್ಲಿ ನುಸುಳುತ್ತದೆ, ಸೆಲ್ಫಿಗೆ ಬೇಕಾದ ದೊಡ್ಡ ಕರೆಂಟ್ ದಾಟುವುದಿಲ್ಲ.

ಸ್ವಚ್ಛ ಮಾಡುವ ಕ್ರಮ ಹೀಗೆ. ಕೀ ಆಫ್ ಮಾಡಿ. ಮೊದಲು ನೆಗೆಟಿವ್, ಅಂದರೆ ಕಪ್ಪು ವಯರ್ ಬಿಚ್ಚಿ. ಆಮೇಲೆ ಪಾಸಿಟಿವ್, ಅಂದರೆ ಕೆಂಪು. ಈ ಕ್ರಮಕ್ಕೆ ಕಾರಣ ಇದೆ. ಗಾಡಿಯ ಚಾಸಿಸ್ ಇಡೀ ನೆಗೆಟಿವ್‌ಗೆ ಸೇರಿರುತ್ತದೆ. ಕೆಂಪನ್ನು ಮೊದಲು ಬಿಚ್ಚುವಾಗ ಪಾನಾ ತಪ್ಪಿ ಚಾಸಿಸ್‌ಗೆ ತಾಗಿದರೆ ಭಯಂಕರ ಕಿಡಿ. ಕಪ್ಪನ್ನು ಮೊದಲು ತೆಗೆದುಬಿಟ್ಟರೆ ಆ ಅಪಾಯವೇ ಇಲ್ಲ. ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ನೊರೆ ಬಂದರೆ ಹೆದರಬೇಡಿ, ಆಸಿಡ್ ಸಾಯುತ್ತಿದೆ ಅಷ್ಟೇ. ನೀರು ಬ್ಯಾಟರಿಯ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಒಣಬಟ್ಟೆಯಲ್ಲಿ ಒರೆಸಿ, ಲೋಹ ಹೊಳೆಯುವಷ್ಟು ಮರಳುಕಾಗದದಲ್ಲಿ ಉಜ್ಜಿ. ವಾಪಸ್ ಜೋಡಿಸುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಬೋಲ್ಟ್ ಗಟ್ಟಿಯಾದ ಮೇಲೆ ಮೇಲಿಂದ ತೆಳುವಾಗಿ ವ್ಯಾಸಲಿನ್ ಸವರಿ. ಕಪ್ಪು ವಯರಿನ ಇನ್ನೊಂದು ತುದಿ ಚಾಸಿಸ್‌ಗೋ ಇಂಜಿನ್‌ಗೋ ಸೇರುವಲ್ಲಿ ತುಕ್ಕು ಹಿಡಿದಿದ್ದರೆ ಅದನ್ನೂ ಉಜ್ಜಬೇಕು. ಹೆಚ್ಚಿನವರು ಅದನ್ನು ಮರೆಯುತ್ತಾರೆ.

ಮಲ್ಟಿಮೀಟರ್ ಸುಳ್ಳು ಹೇಳುವುದಿಲ್ಲ

ಕೆಲವು ನೂರು ರೂಪಾಯಿಗೆ ಸಣ್ಣ ಮಲ್ಟಿಮೀಟರ್ ಸಿಗುತ್ತದೆ. ಒಂದು ಮನೆಯಲ್ಲಿ ಮೂರು ಗಾಡಿ ಇದ್ದರೆ, ಅಥವಾ ನಾಲ್ಕು ಹುಡುಗರು ಸೇರಿ ಒಂದು ತೆಗೆದುಕೊಂಡರೆ, ಒಂದೇ ಸಲದಲ್ಲಿ ಅದರ ದುಡ್ಡು ಹುಟ್ಟುತ್ತದೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ನೆಗೆಟಿವ್‌ಗೆ. ಮೂರು ಪರೀಕ್ಷೆ ಸಾಕು.

ಮೊದಲನೆಯದು, ಗಾಡಿ ರಾತ್ರಿಯಿಡೀ ನಿಂತ ಮೇಲೆ, ಕೀ ಆಫ್ ಇರುವಾಗ. 12.6 ಅಥವಾ ಹೆಚ್ಚು ಬಂದರೆ ಖಾತೆ ತುಂಬಿದೆ. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12.0 ಬಂದರೆ ಕಾಲು ಭಾಗ. 11.8ಕ್ಕಿಂತ ಕೆಳಗೆ ಹೋದರೆ ಖಾಲಿ ಅಂತಲೇ ಲೆಕ್ಕ. 10.5ರ ಸುತ್ತ ನಿಂತು, ಚಾರ್ಜ್ ಮಾಡಿದರೂ ಮೇಲೆ ಏಳದಿದ್ದರೆ ಆರರಲ್ಲಿ ಒಂದು ಕೋಣೆ ಸತ್ತಿದೆ.

ಎರಡನೆಯದು, ಸೆಲ್ಫ್ ಒತ್ತುವಾಗ. ಒಬ್ಬರು ಒತ್ತಲಿ, ಒಬ್ಬರು ಮೀಟರ್ ನೋಡಲಿ. ವೋಲ್ಟ್ ಇಳಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಕುಸಿಯಬಾರದು. ನಿಂತಾಗ 12.6 ತೋರಿಸಿ ಸೆಲ್ಫ್ ಒತ್ತಿದ ಕೂಡಲೇ 7, 8ಕ್ಕೆ ಬಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ಇದೆ, ತೆಗೆಯಲು ಹೋದರೆ ದುಡ್ಡಿಲ್ಲ ಅಂದ ಹಾಗೆ.

ಮೂರನೆಯದು, ಇಂಜಿನ್ ಓಡುವಾಗ. ಹೇಗಾದರೂ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ನೋಡಿ. 13.5ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ. 12.6 ದಾಟುವುದೇ ಇಲ್ಲ ಅಂದರೆ ಜಮೆ ಆಗುತ್ತಿಲ್ಲ. ರೆಕ್ಟಿಫೈಯರ್, ಕಾಯಿಲ್ ಅಥವಾ ಅವುಗಳ ಕನೆಕ್ಟರ್ ಹೋಗಿದೆ. 15 ದಾಟಿದರೆ ಇನ್ನೂ ಕೆಟ್ಟದ್ದು. ಬ್ಯಾಟರಿ ಉಬ್ಬುತ್ತದೆ, ಬಲ್ಬುಗಳು ಒಂದೊಂದಾಗಿ ಸುಡುತ್ತವೆ.

ಬುಧಗಾಂವದ ಹುಡುಗನಿಗೆ ಮೋಸವಾದದ್ದು ಈ ಮೂರನೆಯ ಪರೀಕ್ಷೆ ಯಾರೂ ಮಾಡದ್ದರಿಂದ. ಗಾಡಿಗೆ ಚಾರ್ಜಿಂಗೇ ಇಲ್ಲದಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಕೆಲವು ದಿನದ ಸಂಸಾರ. ಹೊಸದು ಹಾಕಿಸುವಾಗ “ಚಾರ್ಜಿಂಗ್ ಎಷ್ಟು ಬರುತ್ತದೆ, ತೋರಿಸಿ” ಅಂತ ಕೇಳುವುದು ನಮ್ಮ ಹಕ್ಕು. ಮಿಸ್ತ್ರಿಗೆ ಇದು ಅರ್ಧ ನಿಮಿಷದ ಕೆಲಸ.

ಇಲ್ಲೊಂದು ಎಚ್ಚರಿಕೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವಯರ್ ತೆಗೆದು “ಗಾಡಿ ನಿಲ್ಲುತ್ತದಾ ನೋಡೋಣ” ಅನ್ನುವ ಹಳೇ ಪರೀಕ್ಷೆ ಇದೆ. ಈಗಿನ ಗಾಡಿಗಳಲ್ಲಿ ಅದನ್ನು ಮಾಡಲೇಬಾರದು. ವೋಲ್ಟ್ ಒಮ್ಮೆಲೇ ಏರಿ ಇಸಿಯು ಸುಟ್ಟರೆ ಬ್ಯಾಟರಿಯ ಎಷ್ಟೋ ಪಟ್ಟು ಖರ್ಚು.

ತಳ್ಳಿ ಸ್ಟಾರ್ಟ್ ಮಾಡಬಹುದಾ?

ಹಳೇ ಕಾರ್ಬರೇಟರ್ ಬೈಕಿನವರು “ಎರಡನೇ ಗೇರಿಗೆ ಹಾಕಿ ತಳ್ಳು ಮಾರಾಯ” ಅನ್ನುತ್ತಾರೆ. ಅವರ ಕಾಲದಲ್ಲಿ ಅದು ಸರಿ. ಆ ಗಾಡಿಗಳಲ್ಲಿ ಎಷ್ಟೋ ಮಾಡೆಲ್ ಬ್ಯಾಟರಿಯೇ ಇಲ್ಲದೆಯೂ ಒಂದು ಕಿಕ್ಕಿಗೆ ಹೊತ್ತಿಕೊಳ್ಳುತ್ತಿದ್ದವು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲ ಹೊಸ ಪೆಟ್ರೋಲ್ ಬೈಕ್, ಸ್ಕೂಟರುಗಳಿಗೂ ಫ್ಯೂಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪ್ ಓಡಲು, ಇಸಿಯು ಎಚ್ಚರವಾಗಲು ಕರೆಂಟ್ ಬೇಕು. ಬ್ಯಾಟರಿ ಅರ್ಧ ಸತ್ತಿದ್ದರೆ, ಅಂದರೆ ಮೀಟರ್ ಲೈಟ್ ಬರುತ್ತಿದ್ದು ಸೆಲ್ಫ್ ಮಾತ್ರ ಎಳೆಯದಿದ್ದರೆ, ತಳ್ಳಿದಾಗ ಸ್ಟಾರ್ಟ್ ಆಗಬಹುದು. ಕೀ ತಿರುಗಿಸಿ ಪಂಪ್ ‘ಜೂಂ’ ಅನ್ನುವ ಸದ್ದು ಕೇಳಿದರೆ ಪ್ರಯತ್ನಿಸಿ. ಪೂರ್ತಿ ಸತ್ತ ಬ್ಯಾಟರಿಯಲ್ಲಿ ಆ ಸದ್ದೂ ಬರುವುದಿಲ್ಲ, ಎಷ್ಟು ತಳ್ಳಿದರೂ ಬೆವರು ಮಾತ್ರ ಲಾಭ. ಗೇರಿಲ್ಲದ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲಿಕ್ಕೆ ಆಗುವುದೇ ಇಲ್ಲ. ಅದಕ್ಕೆ ಕಿಕ್ಕರ್ ಒಂದೇ ದಾರಿ.

ತಳ್ಳುವ ಕ್ರಮ: ಕೀ ಆನ್, ಎರಡನೇ ಗೇರ್, ಕ್ಲಚ್ ಪೂರ್ತಿ ಹಿಡಿದು ಓಡಿಸಿ, ವೇಗ ಬಂದಾಗ ಕ್ಲಚ್ ಪಕ್ಕನೆ ಬಿಟ್ಟು, ಹಿಡಿದ ಕೂಡಲೇ ಮತ್ತೆ ಒತ್ತಿ. ಕತ್ತಲಲ್ಲಿ, ಹೈವೇ ಮೇಲೆ ಇದನ್ನು ಮಾಡಬೇಡಿ. ಹಿಂದಿನಿಂದ ಬರುವ ಲಾರಿಗೆ ಲೈಟಿಲ್ಲದ ಬೈಕ್ ಕಾಣುವುದಿಲ್ಲ.

ಇನ್ನೊಂದು ದಾರಿ ಜಂಪರ್ ವಯರ್. ಇನ್ನೊಂದು ಬೈಕಿನ ಅಥವಾ ಇಂಜಿನ್ ಆಫ್ ಮಾಡಿದ ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಕೆಂಪಿಗೆ ಕೆಂಪು ಜೋಡಿಸಿ. ಕಪ್ಪು ವಯರನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ನಿಂದ ತಂದು, ನಿಮ್ಮ ಗಾಡಿಯ ಬಣ್ಣವಿಲ್ಲದ ಲೋಹಕ್ಕೆ ಹಿಡಿಸಿ. ಸ್ಟಾರ್ಟ್ ಆದ ಮೇಲೆ ಜೋಡಿಸಿದ ಕ್ರಮಕ್ಕೆ ತಿರುವುಮುರುವಾಗಿ ತೆಗೆಯಿರಿ. ಲಾರಿಯಿಂದ ಯಾವತ್ತೂ ಬೇಡ. ದೊಡ್ಡ ಲಾರಿಗಳದ್ದು 24 ವೋಲ್ಟ್.

ಚಾರ್ಜಿಗೆ ಹಾಕುವಾಗ

ಡೌನ್ ಆದ ಬ್ಯಾಟರಿಯೆಲ್ಲ ಸತ್ತ ಬ್ಯಾಟರಿ ಅಲ್ಲ. ಒಂದು ಸಲ ನಿಧಾನಕ್ಕೆ ಚಾರ್ಜ್ ಮಾಡಿ ನೋಡದೆ ತೀರ್ಮಾನಿಸಬೇಡಿ. ಲೆಕ್ಕ ಸುಲಭ. ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಕರೆಂಟ್ ಸಾಕು. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್, ಸುಮಾರು ಹತ್ತು ಗಂಟೆ. ಅಂಗಡಿಯಲ್ಲಿ ಕಾರಿನ ದೊಡ್ಡ ಚಾರ್ಜರಿಗೆ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ‘ಫುಲ್’ ಅಂತ ಕೊಟ್ಟರೆ ಆ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ.

ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರಬಹುದು, ಕಿಡಿ ತಾಗಿದರೆ ಸ್ಫೋಟ. ಗಾಳಿಯಾಡುವ ಜಾಗದಲ್ಲಿಡಿ, ಹತ್ತಿರ ಬೀಡಿ, ಸಿಗರೇಟ್, ಗ್ಯಾಸ್ ಒಲೆ ಬೇಡ. ಬಿರಡೆ ಇರುವ ಹಳೇ ಮಾದರಿಯಲ್ಲಿ ನೀರು ಕೆಳಗಿನ ಗೆರೆಗಿಂತ ಕಮ್ಮಿಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ನಲ್ಲಿ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಆಸಿಡ್ ಅಂತೂ ಹಾಕಲೇಬಾರದು. ಸೀಲ್ ಆದ ಮೇಂಟೆನೆನ್ಸ್ ಫ್ರೀ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ. ಆಸಿಡ್ ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಕಮ್ಮಿಯಿಲ್ಲದೆ ನೀರು ಬಿಟ್ಟು ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ಗಲ್ಫಿಗೆ ಹೋಗುವವರು ಗಮನಿಸಿ

ಟಿಕೆಟ್, ಲಗೇಜ್, ಮನೆಯವರಿಗೆ ಬೇಕಾದ ವ್ಯವಸ್ಥೆ, ಎಲ್ಲ ಮಾಡಿ ಹೊರಡುವ ದಿನ ಗಾಡಿಯನ್ನು ಹಾಗೆಯೇ ಶೆಡ್ಡಿನಲ್ಲಿ ಬಿಟ್ಟು ಹೋಗುತ್ತೇವೆ. ನಿಂತ ಗಾಡಿಯಲ್ಲಿ ಬ್ಯಾಟರಿ ಸುಮ್ಮನಿರುವುದಿಲ್ಲ. ತನ್ನಷ್ಟಕ್ಕೇ ಇಳಿಯುತ್ತದೆ, ಸೆಕೆಗೆ ಇನ್ನೂ ಬೇಗ. ಅದರ ಮೇಲೆ ಡಿಜಿಟಲ್ ಮೀಟರಿನ ಗಡಿಯಾರ, ಅಲಾರಂ, ಜಿಪಿಎಸ್, ಹ್ಯಾಂಡಲಿಗೆ ಹಾಕಿಸಿದ ಮೊಬೈಲ್ ಚಾರ್ಜರ್ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ.

ಲೆಕ್ಕ ಹಾಕಿ. ಬರೀ 5 ಮಿಲಿ ಆಂಪಿಯರ್ ಸೋರಿದರೆ ದಿನಕ್ಕೆ 0.12 ಆಂಪಿಯರ್-ಅವರ್. 4 ಆಂಪಿಯರ್-ಅವರ್ ಬ್ಯಾಟರಿ ಹದಿನೇಳು ದಿನದಲ್ಲಿ ಅರ್ಧ ಖಾಲಿ. ಹೊರಗಿನಿಂದ ಹಾಕಿಸಿದ ಅಲಾರಂ 50 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 1.2. ನಾಲ್ಕನೇ ದಿನ ಪೂರ್ತಿ ಖಾಲಿ. “ವಾರ ನಿಲ್ಲಿಸಿದರೆ ಸಾಕು, ಗಾಡಿ ಸ್ಟಾರ್ಟ್ ಆಗುವುದಿಲ್ಲ” ಅನ್ನುವವರು ಮೊದಲು ನೋಡಬೇಕಾದ್ದು ಇಂಥ ಎಕ್ಸ್‌ಟ್ರಾ ಫಿಟ್ಟಿಂಗುಗಳನ್ನು.

ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ. ಸಕ್ಕರೆ ಪಾಕ ಆರಿ ಕಲ್ಲಾದ ಹಾಗೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ವಯರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಹೋಗಿ. ಎರಡು ತಿಂಗಳಿಗೊಮ್ಮೆ ಮನೆಯವರಲ್ಲಿ ಯಾರಾದರೂ ಚಾರ್ಜಿಗೆ ಹಾಕಿದರೆ ಒಳ್ಳೆಯದು. “ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಡು” ಅಂತ ತಮ್ಮನಿಗೆ ಹೇಳಿ ಹೋಗುವುದರಿಂದ ಹೆಚ್ಚು ಪ್ರಯೋಜನ ಇಲ್ಲ. ಸ್ಲೋ ಸ್ಪೀಡಿನಲ್ಲಿ ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಗೆ ಸೇರುವುದು ಅತ್ಯಲ್ಪ. ಅದಕ್ಕಿಂತ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದರೆ ಬ್ಯಾಟರಿಗೂ ಒಳ್ಳೆಯದು, ಟೈರಿಗೂ ಒಳ್ಳೆಯದು. ಓಡಿಸುವವನಿಗೆ ಲೈಸೆನ್ಸ್, ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು ಅಷ್ಟೇ.

ನೆರೆ ನೀರಿನಲ್ಲಿ ಮುಳುಗಿದ್ದರೆ

2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ ಕೃಷ್ಣಾ ನದಿಯ ಮಟ್ಟ 57 ಅಡಿ ದಾಟಿತ್ತು. 45 ಅಡಿಗೇ ಅಲ್ಲಿ ಅಪಾಯದ ಮಟ್ಟ. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. ಊರಿನ ಬೀದಿಬೀದಿಗೆ ನೀರು ನುಗ್ಗಿದಾಗ ಅಂಗಡಿಯ ಮಾಲಿನ ಜೊತೆ ಗಾಡಿಗಳೂ ಮುಳುಗುತ್ತವೆ. ನೇತ್ರಾವತಿ ದಡದವರಿಗೂ ಇದು ಹೊಸ ವಿಷಯವಲ್ಲ.

ಮುಳುಗಿದ ಗಾಡಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ನೀರು ಇಳಿದ ಕೂಡಲೇ ಕೀ ತಿರುಗಿಸಿ ಸೆಲ್ಫ್ ಒತ್ತಿ ನೋಡುವುದು. ಇಂಜಿನ್ ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ವಯರಿಂಗಿನಲ್ಲಿ ನೀರಿದ್ದರೆ ಇಸಿಯು ಸುಡಬಹುದು. ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಬಿಚ್ಚುವುದು. ಎರಡನೆಯದು ಗಾಡಿ ನಿಂತ ಸ್ಥಿತಿಯಲ್ಲೇ ನಾಲ್ಕು ಫೋಟೋ ತೆಗೆದು ಇನ್ಶೂರೆನ್ಸ್ ಕಂಪೆನಿಗೆ ತಿಳಿಸುವುದು. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನೆರೆಯ ನಷ್ಟ ಸಿಗುವುದಿಲ್ಲ, ಗಾಡಿಯ ಸ್ವಂತ ಹಾನಿಯ ಪಾಲಿಸಿ ಇರಬೇಕು. ಆಮೇಲೆ ತಳ್ಳಿಕೊಂಡೋ ಟೆಂಪೋದಲ್ಲೋ ಗ್ಯಾರೇಜಿಗೆ ಒಯ್ಯಿರಿ. ಇಂಜಿನ್ ಆಯಿಲ್ ಬದಲಿಸಿ, ಕನೆಕ್ಟರ್‌ಗಳನ್ನು ಒಣಗಿಸಿದ ಮೇಲೆ ಮಾತ್ರ ಬ್ಯಾಟರಿ ಜೋಡಣೆ.

ಹೊಸದು ಕೊಳ್ಳಲೇಬೇಕಾದರೆ

ಮೂರು ಪರೀಕ್ಷೆಯೂ ಮುಗಿದು, ನಿಧಾನದ ಚಾರ್ಜೂ ಹಿಡಿಯದಿದ್ದರೆ ಬದಲಿಸಲೇಬೇಕು. ಎರಡರಿಂದ ನಾಲ್ಕು ವರ್ಷ ಬಂದಿದ್ದರೆ ಅದು ತನ್ನ ಕೆಲಸ ಮಾಡಿದೆ.

ಕೊಳ್ಳುವಾಗ ಹಳೆಯದರ ನಂಬರ್ ನೋಡಿ, ಅದೇ ಅಳತೆ, ಅದೇ ಸಾಮರ್ಥ್ಯ ತೆಗೆದುಕೊಳ್ಳಿ. ಪಾಸಿಟಿವ್ ಎಡಕ್ಕಾ ಬಲಕ್ಕಾ ನೋಡಿ. ತಯಾರಾದ ತಿಂಗಳು ಕೇಳಿ. ವರ್ಷಗಟ್ಟಲೆ ಅಂಗಡಿಯ ಅಟ್ಟದಲ್ಲಿದ್ದ ‘ಹೊಸ’ ಬ್ಯಾಟರಿ ಅರ್ಧ ಹಳೆಯದೇ. ವಾರಂಟಿಯಲ್ಲಿ ಎರಡು ಭಾಗ ಇರುತ್ತದೆ. ಮೊದಲ ಕೆಲವು ತಿಂಗಳು ಉಚಿತವಾಗಿ ಬದಲಿಸಿ ಕೊಡುವುದು, ಆಮೇಲಿನ ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. “ನಾಲ್ಕು ವರ್ಷ ವಾರಂಟಿ” ಅಂದಾಗ ಅದರಲ್ಲಿ ಉಚಿತ ಎಷ್ಟು ಅಂತ ಕೇಳಿ, ಕಾರ್ಡಿನಲ್ಲಿ ತಾರೀಕು, ಸೀಲ್ ಹಾಕಿಸಿ.

ಬಿಲ್ ಬೇಡ ಅಂದರೆ ನೂರಿನ್ನೂರು ಕಮ್ಮಿ ಅನ್ನುವ ಮಾತಿಗೆ ಬೀಳಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲಿಕ್ಕೆ ಆಧಾರವೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಬ್ಯಾಟರಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಅಂಗಡಿಯ ಹೆಸರಿನಲ್ಲೇ ಬಿಲ್ ಮಾಡಿಸಿಕೊಂಡರೆ ಲೆಕ್ಕಪತ್ರಕ್ಕೂ ಅನುಕೂಲ. ವಾರಂಟಿ ಇದ್ದೂ ಅಂಗಡಿಯವರು ಕೈತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಳೇ ಬ್ಯಾಟರಿಗೂ ಬೆಲೆ ಇದೆ. ಒಳಗಿನ ಸೀಸ ಕರಗಿಸಿ ಮತ್ತೆ ಬಳಸುತ್ತಾರೆ. ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟು ಬೆಲೆ ಕಮ್ಮಿ ಮಾಡಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಜವಾಬ್ದಾರಿ ತಯಾರಕರದ್ದು. ಮನೆಯ ಹಿತ್ತಿಲಲ್ಲಿ ಎಸೆಯುವುದು, ಸೀಸಕ್ಕಾಗಿ ಒಡೆಯುವುದು ಬೇಡ. ಸೀಸ ವಿಷ. ಬಾವಿಗೆ ಸೇರಿದರೆ, ಮಕ್ಕಳ ಕೈಗೆ ತಾಗಿದರೆ ಅದರ ಬೆಲೆ ತೆರಲು ಆಗುವುದಿಲ್ಲ.

ಕೊನೆಗೆ

ಬುಧಗಾಂವದ ಹುಡುಗ ಮರುದಿನ ಬೆಳಗ್ಗೆ ಐದಕ್ಕೆ ಮತ್ತೆ ಹೊರಡಬೇಕು. ಕೈಯಲ್ಲೊಂದು ಸಣ್ಣ ಪಾನಾ, ಒಂದು ಸ್ಪೇರ್ ಫ್ಯೂಸ್, ನಾಲ್ವರು ಸೇರಿ ಕೊಂಡ ಮೀಟರ್ ಇದ್ದರೆ, ‘ಟಿಕ್’ ಅನ್ನುವ ಸದ್ದಿಗೆ ಅವನು ಗಾಬರಿಯಾಗಬೇಕಾಗಿಲ್ಲ. ಹಾರ್ನ್ ಹೊಡೆಯುತ್ತಾನೆ, ಸೀಟ್ ಎತ್ತುತ್ತಾನೆ, ಟರ್ಮಿನಲ್ ಅಲ್ಲಾಡಿಸಿ ನೋಡುತ್ತಾನೆ. ಹತ್ತರಲ್ಲಿ ಕೆಲವು ಸಲ ಅಷ್ಟಕ್ಕೇ ಗಾಡಿ ಹಿಡಿಯುತ್ತದೆ. ಹಿಡಿಯದಿದ್ದರೂ, ಎಂಟು ಗಂಟೆಗೆ ಗ್ಯಾರೇಜಿನಲ್ಲಿ “ಸೆಲ್ಫ್ ಒತ್ತಿದರೆ ಎಂಟಕ್ಕೆ ಇಳಿಯುತ್ತದೆ, ಚಾರ್ಜಿಂಗ್ ಒಮ್ಮೆ ನೋಡಿ ದಾದಾ” ಅಂತ ಹೇಳಬಲ್ಲ. ಹಾಗೆ ಹೇಳುವವನಿಗೆ ಬೇಡದ ಬ್ಯಾಟರಿ ಮಾರುವುದು ಯಾರಿಗೂ ಸುಲಭವಲ್ಲ.